ಕ್ರೀಡಾಂಗಣದಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆ ಯುಕ್ತವೇ?

ಪಂದ್ಯಗಳು ನಡೆಯುತ್ತಿರುವಾಗ ವಿದ್ಯಾರ್ಥಿಗಳು ಅಂಗಳಕ್ಕಿಳಿದು, ಆಟವನ್ನು ತಡೆದು, ತಮ್ಮ ಅಹವಾಲನ್ನು ಲೋಕದ ಮುಂದಿಡುವ ವಾಡಿಕೆಯು ದೇಶದೇಶಗಳಲ್ಲಿ ಕಂಡುಬರುತ್ತಿದೆ. ಇದು ಯುಕ್ತವೋ ಅಯುಕ್ತವೋ ಎಂಬುದನ್ನು ಹೆಣ್ಣುಮಕ್ಕಳನ್ನು ಓದಿಸುತ್ತಿರುವ ತಾಯಿತಂದೆಗಳೂ, ಈ ಶಾಲೆಯಲ್ಲಿ ಓದಿ ಈಗ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವ ಹಳೆಯ ವಿದ್ಯಾರ್ಥಿನಿಯರೂ ನಿಧಾನವಾಗಿ ಆಲೋಚಿಸುವುದು ಒಳ್ಳೆಯದು. ಶಿಸ್ತು ಕೆಟ್ಟಿತೆಂದು ಒಂದೇ ಮಾತಿನಲ್ಲಿ ಖಂಡಿಸುವುದು ಸುಲಭ. ಹರೆಯದವರ ಉತ್ಸಾಹವೆಂದು ಕೊಂಡಾಡುವುದೂ ಅಷ್ಟೇ ಸುಲಭ. ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇವೆ. ಅನ್ಯಾಯವು ಆ ಆಟದೊಳಗೇ ಬೇರೂರಿದ್ದರೆ ಆಟವನ್ನು ತಡೆಯುವುದು ಕೆಲವೊಮ್ಮೆ ಧರ್ಮವೇ ಆದೀತು. ಅನ್ಯಾಯವು ಬೇರೆಡೆಯಲ್ಲಿದ್ದರೆ, ಆಡಲು ಬಂದವರ ದಿನವನ್ನು ಕಸಿದುಕೊಳ್ಳುವ ಅಧಿಕಾರವು ಯಾರಿಗೂ ಇಲ್ಲ.

ಆ ದಿನದ ಬೆಲೆಯನ್ನು ಮೊದಲು ತಿಳಿಯಬೇಕು. ತೆಲಿಗಿಯ ಕಡೆಯ ಒಂದು ಹಳ್ಳಿಯಿಂದ ತಾಲೂಕು ಕ್ರೀಡಾಕೂಟದಲ್ಲಿ ಖೊಖೊ ಆಡುವುದಕ್ಕೆ ಹರಪನಹಳ್ಳಿಗೆ ಬರುವ ಹುಡುಗಿಯನ್ನು ನೆನೆಯಿರಿ. ಅವಳು ನಸುಕಿನಲ್ಲಿಯೇ ಎದ್ದು ನೀರು ತಂದಿರುತ್ತಾಳೆ; ತಾಯಿಯೊಡನೆ ರೊಟ್ಟಿ ತಟ್ಟಿರುತ್ತಾಳೆ; ಹೊಲದ ಕೆಲಸದ ದಿನಗಳಲ್ಲಿ ಮನೆಯವರನ್ನು ಕಾಡಿ ಬೇಡಿ ಒಪ್ಪಿಗೆ ಪಡೆದಿರುತ್ತಾಳೆ. ಬೆಳೆದ ಹುಡುಗಿಯು ನಾಲ್ಕು ಜನರೆದುರಿಗೆ ಓಡುವುದು ತರವೇ ಎಂಬ ನೆರೆಹೊರೆಯವರ ಮಾತನ್ನೂ ನುಂಗಿಕೊಂಡಿರುತ್ತಾಳೆ. ಗೆದ್ದರೆ ಜಿಲ್ಲೆಯ ಕೂಟಕ್ಕೆ ಹೋದಾಳು. ಹತ್ತನೆಯ ತರಗತಿಯು ಮುಗಿದ ಬಳಿಕ ಇನ್ನೊಮ್ಮೆ ಅಂಗಳಕ್ಕೆ ಇಳಿಯುವಳೋ ಇಲ್ಲವೋ ಹೇಳಲಾಗದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಹುಡುಗಿಯರ ಸಂಗತಿಯೂ ಬಹುಮಟ್ಟಿಗೆ ಇದೇ. ಇಂಥವಳ ಆಟವು ನಡುವೆ ನಿಂತುಹೋದರೆ ಅಧಿಕಾರಿಗಳಿಗಾಗಲಿ ಮಂತ್ರಿಗಳಿಗಾಗಲಿ ಏನೂ ನಷ್ಟವಿಲ್ಲ. ನಷ್ಟವು ಅವಳೊಬ್ಬಳದೇ.

ಹಾಗೆಂದು ಆಟವು ಯಾರೂ ಮುಟ್ಟಬಾರದ ಮಡಿಯೆಂದು ನಾವು ಹೇಳುವುದಿಲ್ಲ. ಕ್ರಿಕೆಟ್ ಆಟಗಾರರಾದ ಪಾಲವಣಕರ ಬಾಳೂ ಅವರು 1876ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಸ್ಪೃಶ್ಯವೆನಿಸಿದ ಕುಲದಲ್ಲಿ ಹುಟ್ಟಿದ ಇವರು 1911ರಲ್ಲಿ ಇಂಗ್ಲೆಂಡಿಗೆ ಹೋದ ಹಿಂದೂಸ್ಥಾನದ ತಂಡದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ಟುಗಳನ್ನು ಕಿತ್ತರು. ಆದರೂ ಸ್ವದೇಶದಲ್ಲಿ ಚಹದ ಬಿಡುವಿನಲ್ಲಿ ಸವರ್ಣೀಯರು ಒಳಗೆ ಕುಳಿತಿರಲು, ಇವರಿಗೆ ಹೊರಗೆ ಮಣ್ಣಿನ ಬಟ್ಟಲಿನಲ್ಲಿ ಚಹ ಕೊಡಲಾಗುತ್ತಿತ್ತು. ಹಿಂದೂ ತಂಡದ ನಾಯಕತ್ವವು ಇವರಿಗೆ ಎಂದೂ ದೊರೆಯಲಿಲ್ಲ. 1920ರ ಚತುಷ್ಕೋನ ಪಂದ್ಯಗಳಲ್ಲಿ ಬಾಳೂ ಅವರನ್ನು ಕೈಬಿಟ್ಟು, ತಮ್ಮಂದಿರಾದ ವಿಠ್ಠಲರ ಯೋಗ್ಯತೆಯನ್ನು ಕಡೆಗಣಿಸಿ, ನಾಯಕತ್ವವನ್ನು ಬೇರೊಬ್ಬರಿಗೆ ಕೊಟ್ಟಾಗ, ವಿಠ್ಠಲರೂ ಇನ್ನೊಬ್ಬ ಸಹೋದರ ಶಿವರಾಮರೂ ಕಾರಣವನ್ನು ಬಹಿರಂಗವಾಗಿ ತಿಳಿಸಿ ತಂಡದಿಂದ ಹೊರಬಂದರು. 1923ರಲ್ಲಿ ವಿಠ್ಠಲರು ಅದೇ ತಂಡದ ನಾಯಕರಾದರು. ಈ ಸಹೋದರರು ಪಿಚ್ಚನ್ನು ಅಗೆಯಲಿಲ್ಲ, ಎದುರಾಳಿಯ ಚೆಂಡನ್ನು ಕಸಿಯಲಿಲ್ಲ. ತಮ್ಮ ಪಾಲಿನ ಕೀರ್ತಿಯನ್ನು ತಾವೇ ಬಿಟ್ಟುಕೊಟ್ಟರು. ಅನ್ಯಾಯವಿದ್ದುದು ಆಟದೊಳಗೇ ಆದುದರಿಂದ ಪ್ರತಿಭಟನೆಯೂ ಆಟದೊಳಗೇ ನಡೆಯಿತು.

ಯೇಸುಸ್ವಾಮಿಯು ದೇವಾಲಯವನ್ನು ಹೊಕ್ಕು ಚಿನಿವಾರರ ಮೇಜುಗಳನ್ನು ಕೆಡವಲಿಲ್ಲವೇ, ಅದು ಶಾಂತಿಭಂಗವಲ್ಲವೇ ಎಂದು ಸತ್ಯವೇದವನ್ನು ಬಲ್ಲ ನಮ್ಮ ಓದುಗರು ಕೇಳಬಹುದು. ಅಹುದು, ಶಾಂತಿಭಂಗವೇ. ಆದರೆ ಆತನು ಯಾರ ಮೇಜನ್ನು ಕೆಡವಿದನೆಂಬುದನ್ನು ಗಮನಿಸಬೇಕು. ಬಡವರ ಭಕ್ತಿಯನ್ನು ವ್ಯಾಪಾರಕ್ಕೆ ಹಚ್ಚಿದವರ ಮೇಜನ್ನು ಕೆಡವಿದನೇ ಹೊರತು, ಪ್ರಾರ್ಥಿಸುತ್ತಿದ್ದ ವಿಧವೆಯನ್ನು ಎಬ್ಬಿಸಿ ಹೊರಗಟ್ಟಲಿಲ್ಲ. ತಪ್ಪು ಎಲ್ಲಿ ನಡೆಯುತ್ತಿತ್ತೋ ಅಲ್ಲಿಯೇ ಆತನ ಕೈ ಬಿದ್ದಿತು. ಪ್ರತಿಭಟನೆಯ ಯೋಗ್ಯತೆಯನ್ನು ಅಳೆಯುವುದಕ್ಕೆ ಇದಕ್ಕಿಂತ ನೇರವಾದ ಅಳತೆಗೋಲು ನಮಗೆ ತೋರುವುದಿಲ್ಲ.

ಈ ಅಳತೆಗೋಲಿನಿಂದ ಪರದೇಶಗಳ ಸಂಗತಿಗಳನ್ನು ನೋಡೋಣ. 1981ರಲ್ಲಿ ದಕ್ಷಿಣ ಆಫ್ರಿಕದ ರಗ್ಬಿ ತಂಡವು ನ್ಯೂಜಿಲೆಂಡಿಗೆ ಬಂದಿತು. ಆಗ ಆ ದೇಶದಲ್ಲಿ ವರ್ಣಭೇದವೇ ರಾಜ್ಯನೀತಿಯಾಗಿದ್ದಿತು. ತಂಡವು ಆ ನೀತಿಯ ಧ್ವಜವನ್ನೇ ಹೊತ್ತು ಬಂದಂತಿತ್ತು. ಜುಲೈ 25ರಂದು ಹ್ಯಾಮಿಲ್ಟನ್ ನಗರದಲ್ಲಿ ವಿದ್ಯಾರ್ಥಿಗಳೂ ಪಾದ್ರಿಗಳೂ ಸೇರಿದ್ದ ಚಳವಳಿಯ ಮುನ್ನೂರರಷ್ಟು ಜನರು ಬೇಲಿಯನ್ನು ಕೆಡವಿ ಅಂಗಳದ ನಡುವೆ ಕೈಕೈ ಹಿಡಿದು ನಿಂತರು, ಪಂದ್ಯವು ರದ್ದಾಯಿತು. ಸಿಟ್ಟಿಗೆದ್ದ ಪ್ರೇಕ್ಷಕರ ಹೊಡೆತವನ್ನು ಅವರು ತಿಂದರು. ಇದನ್ನು ನಾವು ತಪ್ಪೆನ್ನಲಾರೆವು. ಆದರೆ ಅದೇ ವರ್ಷ ಸೆಪ್ಟೆಂಬರ್ 12ರಂದು ಆಕ್ಲೆಂಡಿನ ಪಂದ್ಯದಲ್ಲಿ ಸಣ್ಣ ವಿಮಾನವೊಂದರಿಂದ ಹಿಟ್ಟಿನ ಚೀಲಗಳನ್ನು ಅಂಗಳಕ್ಕೆ ಎಸೆಯಲಾಯಿತು. ಚೀಲವೊಂದು ತಗುಲಿ ಆಟಗಾರನೊಬ್ಬನು ನೆಲಕ್ಕುರುಳಿದನು. ಉದ್ದೇಶವು ಒಂದೇ, ದೇಶವೂ ಒಂದೇ. ಆದರೂ ಮೊದಲನೆಯವರು ನೋವನ್ನು ತಾವು ಹೊತ್ತರು, ಎರಡನೆಯವರು ಇನ್ನೊಬ್ಬನ ತಲೆಯ ಮೇಲೆ ಹಾಕಿದರು. ನಮ್ಮ ದೇಶವು ಇದೇ ವರ್ಣಭೇದವನ್ನು ಪ್ರತಿಭಟಿಸಿ 1974ರ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಪಂದ್ಯವನ್ನೇ ಆಡದೆ, ಗೆಲ್ಲಬಹುದಾಗಿದ್ದ ಬಟ್ಟಲನ್ನು ದಕ್ಷಿಣ ಆಫ್ರಿಕಕ್ಕೆ ಬಿಟ್ಟುಕೊಟ್ಟಿತು. ಇದಕ್ಕಿಂತ ಘನವಾದ ಪ್ರತಿಭಟನೆಯುಂಟೇ?

ಇನ್ನೊಂದು ಸಂಗತಿ. 2019ರ ನವೆಂಬರ್ 23ರಂದು ಅಮೆರಿಕದ ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ಫುಟ್ಬಾಲ್ ಪಂದ್ಯದ ನಡುವಿರಾಮದಲ್ಲಿ ಎರಡೂ ಕಡೆಯ ವಿದ್ಯಾರ್ಥಿಗಳು ಅಂಗಳದ ನಡುವೆ ಕುಳಿತುಬಿಟ್ಟರು. ಕಲ್ಲಿದ್ದಲು, ಎಣ್ಣೆಗಳ ಉದ್ಯಮದಲ್ಲಿ ತೊಡಗಿಸಿದ ಹಣವನ್ನು ವಿಶ್ವವಿದ್ಯಾಲಯಗಳು ಹಿಂದೆಗೆಯಬೇಕೆಂಬುದು ಅವರ ಬೇಡಿಕೆ. ಆಟವು ಮುಕ್ಕಾಲು ಗಂಟೆಯಷ್ಟು ತಡವಾಯಿತು. ದೀಪಗಳಿಲ್ಲದ ಆ ಅಂಗಳದಲ್ಲಿ ಕತ್ತಲೆ ಕವಿಯುತ್ತಿರುವಾಗ ಪಂದ್ಯವು ಮುಗಿಯಿತು. ನಲವತ್ತಕ್ಕೂ ಹೆಚ್ಚು ಜನರು ಕಾನೂನಿಗೆ ತಲೆಬಾಗಿದರು. 2021ರಲ್ಲಿ ಹಾರ್ವರ್ಡ್ ಅಂಥ ಹೂಡಿಕೆಯನ್ನು ಬಿಡುವುದಾಗಿ ಸಾರಿತು. ಈ ತರುಣರ ಉದ್ದೇಶವು ಒಳ್ಳೆಯದು, ನಡತೆಯು ಸೌಮ್ಯ, ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಹಣವಿದ್ದುದು ಖಜಾನೆಯಲ್ಲಿ, ತಡೆದದ್ದು ಆಟಗಾರರನ್ನು. ನಡುವಿರಾಮವು ಮುಗಿದೊಡನೆ ಅವರು ಎದ್ದಿದ್ದರೆ ಮಾತೂ ಕೇಳಿಸುತ್ತಿತ್ತು, ಆಟವೂ ಕೆಡುತ್ತಿರಲಿಲ್ಲ. ಫಲ ದೊರೆತುದರಿಂದಲೇ ದಾರಿಯು ಸರಿಯೆಂದು ನಿರ್ಣಯಿಸಿದರೆ, ನಾಳೆ ಯಾವ ದಾರಿಯನ್ನೂ ತಪ್ಪೆನ್ನುವಂತಿಲ್ಲ.

ಪ್ರಾಣಾಪಾಯದ ವಿಷಯದಲ್ಲಿಯಂತೂ ನಮಗೆ ಎರಡು ಮನಸ್ಸಿಲ್ಲ. ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದ ಎಮಿಲಿ ಡೇವಿಸನ್ ಎಂಬ ಇಂಗ್ಲಿಷ್ ಮಹಿಳೆಯು 1913ರ ಜೂನ್ 4ರಂದು ಎಪ್ಸಮ್ ಪಂದ್ಯದಲ್ಲಿ ಓಡುತ್ತಿದ್ದ ದೊರೆಯ ಕುದುರೆಗೆ ಅಡ್ಡಬಂದು, ನಾಲ್ಕು ದಿನಗಳ ಮೇಲೆ ತೀರಿಕೊಂಡಳು; ಸವಾರನೂ ಗಾಯಗೊಂಡನು. ಆಕೆಯು ಬೇಡಿದ ಹಕ್ಕನ್ನು ಇಂದು ನಮ್ಮ ಹೆಣ್ಣುಮಕ್ಕಳೆಲ್ಲರೂ ಅನುಭವಿಸುತ್ತಿದ್ದಾರೆ. ಆಕೆಯನ್ನು ಗೌರವದಿಂದ ನೆನೆಯುತ್ತೇವೆ; ಹಾಗೆ ಮಾಡೆಂದು ನಮ್ಮ ಮಗಳಿಗೆ ಹೇಳಲಾರೆವು. ಜನಸಂದಣಿಯ ಅಪಾಯವೂ ಸಾಮಾನ್ಯವಾದುದಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನರು ಮಡಿದರು. ಅಲ್ಲಿ ಪ್ರತಿಭಟನೆಯೇನೂ ಇರಲಿಲ್ಲ, ಗೆಲುವಿನ ಸಂತೋಷವಿದ್ದಿತು. ಸಂತೋಷದ ನೂಕಾಟವೇ ಹೀಗೆ ಕೊಂದರೆ, ಸಿಟ್ಟಿನ ನೂಕಾಟದ ಗತಿಯೇನು?

ಇಷ್ಟನ್ನು ಮಕ್ಕಳಿಗೆ ಹೇಳಿ ಸುಮ್ಮನಾದರೆ ಹಿರಿಯರ ಕರ್ತವ್ಯವು ತೀರಲಿಲ್ಲ. ಅರ್ಜಿಯನ್ನು ಓದುವವರಿದ್ದರೆ ಅಂಗಳಕ್ಕಿಳಿಯುವವರು ಕಡಮೆಯಾಗುತ್ತಾರೆ. 2023ರಲ್ಲಿ ನಮ್ಮ ದೇಶದ ಹೆಸರಾಂತ ಕುಸ್ತಿಪಟುಗಳಾದ ಸ್ತ್ರೀಯರು, ಕುಸ್ತಿ ಸಂಘದ ಮುಖ್ಯಸ್ಥನ ಮೇಲೆ ಲೈಂಗಿಕ ಕಿರುಕುಳದ ದೂರು ಹೊತ್ತು, ದಿಲ್ಲಿಯ ಜಂತರ್ ಮಂತರಿನ ಬೀದಿಯಲ್ಲಿ ವಾರಗಟ್ಟಲೆ ಕುಳಿತುದನ್ನು ಎಲ್ಲರೂ ಬಲ್ಲರು. ಅವರು ಯಾರ ಪಂದ್ಯವನ್ನೂ ಕೆಡಿಸಲಿಲ್ಲ. ಮೇ 30ರಂದು ತಾವು ಗೆದ್ದ ಪದಕಗಳನ್ನೇ ಗಂಗೆಗೆ ಬಿಡುವೆವೆಂದು ಹರಿದ್ವಾರಕ್ಕೆ ಹೋಗಿ, ಹಿರಿಯರ ಮಾತಿಗೆ ತಡೆದು ನಿಂತರು. ಜಗತ್ತಿನಲ್ಲಿ ಗೆದ್ದುಬಂದವರ ಮಾತೇ ಇಷ್ಟು ತಡವಾಗಿ ಕಿವಿಗೆ ಬಿದ್ದರೆ, ಹಳ್ಳಿಯ ಹುಡುಗಿಯ ಮಾತನ್ನು ಕೇಳುವವರಾರು? ನಮ್ಮ ಕಡೆಯ ಕೂಟವೊಂದರಲ್ಲಿ ಹುಡುಗಿಯರಿಗೆ ಬಟ್ಟೆ ಬದಲಿಸಲು ಮರೆಯಿಲ್ಲದಿದ್ದರೆ, ಶೌಚಾಲಯಕ್ಕೆ ಬೀಗವಿದ್ದರೆ, ಅವರ ಅಂಗಳವನ್ನು ಹುಡುಗರ ಪಂದ್ಯಕ್ಕೆಂದು ಕಸಿದುಕೊಂಡರೆ, ಅದು ಆಟದೊಳಗಿನ ಅನ್ಯಾಯವೇ. ಮೊದಲು ಹೇಳಿ, ಬಳಿಕ ಬರೆದುಕೊಟ್ಟು, ಆಗಲೂ ಯಾರೂ ಕಿವಿಗೊಡದೆ ಹೋದಾಗ, ಅವರೆಲ್ಲರೂ ಒಮ್ಮತದಿಂದ ಗೆರೆಯ ಮೇಲೆ ಕುಳಿತು ಆಡೆವೆಂದರೆ, ಅವರನ್ನು ಹಟಮಾರಿಗಳೆಂದು ಕರೆಯುವವರಲ್ಲಿ ನಾವಿಲ್ಲ. ಅವರ ಪಕ್ಕದಲ್ಲಿ ಕುಳಿತುಕೊಳ್ಳುವ ಉಪಾಧ್ಯಾಯಿನಿಯೇ ನಿಜವಾದ ಉಪಾಧ್ಯಾಯಿನಿ.

ಆದುದರಿಂದ ನಮ್ಮ ಬಾಲಿಕೆಯರು ಅಂಗಳಕ್ಕಿಳಿಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ತಪ್ಪು ಈ ಆಟದೊಳಗೇ ಇದೆಯೇ? ಬೇರೆಲ್ಲ ಬಾಗಿಲುಗಳನ್ನೂ ತಟ್ಟಿದೆವೇ? ನಷ್ಟವು ನಮ್ಮದೋ, ಇನ್ನೊಬ್ಬ ಹುಡುಗಿಯದೋ? ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ಧೈರ್ಯವಾಗಿ ನಿಲ್ಲಲಿ. ಇಲ್ಲವಾದರೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡಲಿ, ಆಟ ಮುಗಿದ ಮೇಲೆ ಮಾತಾಡಲಿ; ಅವರ ಮಾತು ಮುಗಿಯುವವರೆಗೆ ಎದ್ದುಹೋಗದಿರುವುದು ತಾಯಿತಂದೆಗಳಾದ, ಹಳೆಯ ವಿದ್ಯಾರ್ಥಿನಿಯರಾದ ನಮ್ಮ ನಿಮ್ಮ ಹೊಣೆ.