ದಿನ ತುಂಬಿದ ನಾಯಿಗೆ ಇಂಜೆಕ್ಷನ್ ಅವಸರ ಯಾಕೆ?

"ನಾಯಿಗೆ 63 ದಿನ" ಅನ್ನೋದು ನಮ್ಮ ಚಿಕ್ಕಜಾಜೂರಿನ ಕಡೆ ಯಾರನ್ನ ಕೇಳಿದ್ರೂ ಹೇಳ್ತಾರೆ. ಲೆಕ್ಕ ಸರಿಯೇ. ಆದ್ರೆ ಯಾವತ್ತಿನಿಂದ 63? ಗಂಡುನಾಯಿ ಜೊತೆ ಕೂಡಿದ ದಿನದಿಂದ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಅಲ್ಲ ಸ್ವಾಮಿ, ಅಂಡ ಬಿಡುಗಡೆಯಾದ ದಿನದಿಂದ. ವೀರ್ಯಾಣು ಹೆಣ್ಣುನಾಯಿಯ ಗರ್ಭದಲ್ಲಿ ಐದಾರು ದಿನ ಜೀವ ಹಿಡ್ಕೊಂಡಿರುತ್ತೆ. ಅಂಡವೂ ಹೊರಬಂದ ಮೇಲೆ ಪಕ್ವ ಆಗೋಕೆ ಎರಡು ಮೂರು ದಿನ ತಗೊಳ್ಳುತ್ತೆ. ಹಾಗಾಗಿ ಕೂಡಿದ ದಿನದಿಂದ ಎಣಿಸಿದ್ರೆ 57ನೇ ದಿನ ಮರಿ ಹಾಕಬಹುದು, 72ನೇ ದಿನವೂ ಹಾಕಬಹುದು. (ನಮ್ಮ ಪ್ರಾಜೆಕ್ಟ್ ಡೆಡ್‌ಲೈನು ಹೀಗೆ ಎರಡು ವಾರ ಆಚೀಚೆ ಆದ್ರೂ ಯಾರೂ ಬಯ್ಯದಿದ್ರೆ ಎಷ್ಟು ಚೆನ್ನಾಗಿರ್ತಿತ್ತು!)

ಇದನ್ನ ಯಾಕೆ ಬರೀತಿದೀನಿ ಅಂದ್ರೆ, ಊರಲ್ಲಿ ನಮ್ಮ ಮನೆ ನಾಯಿಗೆ 66 ದಿನ ದಾಟಿದಾಗ ಅಮ್ಮನಿಗೆ ಬಂದ ಮೊದಲ ಸಲಹೆ, "ಒಂದು ನೋವು ಬರಿಸೋ ಇಂಜೆಕ್ಷನ್ ಹಾಕ್ಸಿಬಿಡಮ್ಮ, ಸಂಜೆಯೊಳಗೆ ಹಾಕುತ್ತೆ". ಹೇಳಿದವರು ಒಳ್ಳೆಯವರೇ. ಹತ್ತಾರು ಎಮ್ಮೆ, ಹಸು ಈಯಿಸಿದ ಕೈ. ಆದ್ರೆ ನನ್ನ ತಕರಾರು ಇರೋದು ಇದೇ ಸಲಹೆ ಮೇಲೆ.

ಆ ಇಂಜೆಕ್ಷನ್ ಅಂದ್ರೆ ಆಕ್ಸಿಟೋಸಿನ್. ಹಾಲು ಇಳಿಸೋಕೆ ದನಗಳಿಗೆ ಕದ್ದುಮುಚ್ಚಿ ಚುಚ್ಚುವ ಅದೇ ಔಷಧಿ. ಈ ದುರ್ಬಳಕೆ ತಡೆಯೋಕೆ 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳ ಕೈಯಿಂದ ಅದನ್ನ ತೆಗೆದು, ದೇಶದೊಳಗಿನ ಬಳಕೆಗೆ ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಒಂದೇ ತಯಾರಿಸಬೇಕು ಅಂತ ಆದೇಶ ಹೊರಡಿಸಿತ್ತು. ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ರದ್ದು ಮಾಡಿತು. ಬಾಣಂತಿಯರ ರಕ್ತಸ್ರಾವ ನಿಲ್ಲಿಸೋಕೂ ಇದೇ ಔಷಧಿ ಬೇಕಲ್ಲ. ಔಷಧಿ ಕೆಟ್ಟದ್ದಲ್ಲ. ಆದ್ರೆ ಮರಿ ಅಡ್ಡ ಸಿಕ್ಕಿಕೊಂಡಿದ್ರೆ, ಅಥವಾ ಹೊರಬರೋ ದಾರಿಗಿಂತ ದಪ್ಪ ಇದ್ರೆ, ಹೊರಗಿನಿಂದ ನೋವು ಬರಿಸಿದ್ರೆ ಗರ್ಭಕೋಶ ಗೋಡೆಗೆ ಗುದ್ದಿದ ಹಾಗೆ. ಮರಿಗೆ ರಕ್ತ ಕಡಿಮೆಯಾಗುತ್ತೆ, ಗರ್ಭಕೋಶವೇ ಹರಿಯಬಹುದು. ದಾರಿ ತೆರವಾಗಿದೆಯಾ ಅಂತ ನೋಡದೆ ಇದನ್ನ ಕೊಡಲೇಬಾರದು.

ನಾನು ಹಟ ಹಿಡಿದು ದಾವಣಗೆರೆಗೆ ಕರ್ಕೊಂಡು ಹೋಗೋಕೆ ಹೇಳಿದೆ. ಎಕ್ಸ್‌ರೇಯಲ್ಲಿ ಕಂಡದ್ದು ಒಂದೇ ಮರಿ, ತಾಯಿ ಗಾತ್ರಕ್ಕೆ ದೊಡ್ಡದು. ಡಾಕ್ಟ್ರು ಹೇಳಿದ್ದು ಕೇಳಿ ನಂಗೆ ಆಶ್ಚರ್ಯ ಆಯ್ತು: ಹೆರಿಗೆ ಶುರು ಮಾಡೋ ಸೂಚನೆ ಹೊಟ್ಟೆಯೊಳಗಿನ ಮರಿಗಳಿಂದಲೇ ಹೋಗೋದಂತೆ. ಜಾಗ ಸಾಲದೆ ಮರಿಗಳು ಒಂದು ಹಾರ್ಮೋನು ಬಿಡ್ತವೆ, ಅದರಿಂದ ತಾಯಿಗೆ ನೋವು ಶುರುವಾಗುತ್ತೆ. ಒಂದೇ ಮರಿ ಇದ್ರೆ ಆ ಸೂಚನೆ ಸಾಲೋದಿಲ್ಲ. ಮರಿ ಮಾತ್ರ ಒಳಗೇ ಬೆಳೀತಾ ಹೋಗುತ್ತೆ. ಆಪರೇಷನ್ ಆಯ್ತು, ತಾಯಿ ಮರಿ ಎರಡೂ ಉಳಿದವು.

ಹಾಗಂತ ದಿನ ದಾಟಿದ ನಾಯಿಗೆಲ್ಲಾ ಆಪರೇಷನ್ ಅಂತ ಅಲ್ಲ. ಕೆಲವಕ್ಕೆ ಗಬ್ಬವೇ ಆಗಿರಲ್ಲ, ಹುಸಿ ಗಬ್ಬದಲ್ಲೂ ಮೊಲೆ ಇಳಿದು ಹಾಲು ಬರುತ್ತೆ. ಮೆಡಿಕಲ್ ಶಾಪಿನ ಮಾಮೂಲಿ ಡಿಜಿಟಲ್ ಥರ್ಮಾಮೀಟರ್ ಒಂದು ತಂದಿಟ್ಕೊಳ್ಳಿ. ಐವತ್ತೆಂಟನೇ ದಿನದಿಂದ ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ಇಟ್ಟು ಬರೆದಿಡಿ. 101 ಡಿಗ್ರಿ ಆಸುಪಾಸು ಇದ್ದದ್ದು 99ಕ್ಕಿಂತ ಕೆಳಗೆ ಇಳೀತು ಅಂದ್ರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ ಶುರು. ಇಳಿದು 24 ಗಂಟೆಯಾದ್ರೂ ಏನೂ ಇಲ್ಲ ಅಂದ್ರೆ ಡಾಕ್ಟ್ರ ಹತ್ರ ಹೊರಡಿ. ಸ್ಕ್ಯಾನಿಂಗಿನಲ್ಲಿ ಮರಿಯ ಎದೆಬಡಿತ ನಿಮಿಷಕ್ಕೆ 200ರ ಮೇಲಿದ್ರೆ ಕಾಯಬಹುದು. 180ಕ್ಕಿಂತ ಇಳಿದ್ರೆ ಮರಿ ಕಷ್ಟದಲ್ಲಿದೆ.

ಇನ್ನು ದಿನದ ಲೆಕ್ಕ ಬಿಟ್ಟು ಓಡಬೇಕಾದ ಹೊತ್ತೂ ಇದೆ. ಒಂದು ಮರಿಯೂ ಬರದೆ ಹಸಿರು ನೀರು ಕಾಣಿಸಿದ್ರೆ (ಮರಿ ಬಂದ ಮೇಲಾದ್ರೆ ಅದು ಮಾಮೂಲಿ), ಅರ್ಧ ಗಂಟೆ ಬಲವಾಗಿ ತಿಣುಕಿದ್ರೂ ಮರಿ ಬರದಿದ್ರೆ, ಒಳಗೆ ಇನ್ನೂ ಮರಿ ಇದ್ದು ಎರಡು ಗಂಟೆ ಸುಮ್ಮನಾದ್ರೆ, ಕೆಟ್ಟ ವಾಸನೆ ಬಂದ್ರೆ, ನಾಯಿ ಎದ್ದೇಳದೆ ಮಲಗಿಬಿಟ್ರೆ. ಕಾಯಬೇಡಿ.

ಓಡೋದು ಎಲ್ಲಿಗೆ ಅನ್ನೋದೇ ನಮ್ಮಂಥ ಊರುಗಳ ಕಷ್ಟ. ಚಿಕ್ಕಜಾಜೂರು ಜಂಕ್ಷನ್ನು, ರಾತ್ರಿಯೆಲ್ಲಾ ರೈಲು ಓಡಾಡ್ತವೆ. ಆದ್ರೆ ನಡುರಾತ್ರಿ ನಾಯಿ ಹೊಟ್ಟೆ ಕುಯ್ಯೋಕೆ ಡಾಕ್ಟ್ರು ಬೇಕು ಅಂದ್ರೆ ದಾವಣಗೆರೆ, ಶಿವಮೊಗ್ಗ ಅಂತ ಗಾಡಿ ಹುಡುಕಬೇಕು. ನಾವು ಪಶುವೈದ್ಯರನ್ನ ಇವತ್ತಿಗೂ 'ದನದ ಡಾಕ್ಟ್ರು' ಅಂತಲೇ ಕರೆಯೋದು, ವ್ಯವಸ್ಥೆಯೂ ಹಾಗೇ ಇದೆ. 1962ಕ್ಕೆ ಫೋನ್ ಮಾಡಿದ್ರೆ ಮನೆ ಬಾಗಿಲಿಗೆ ಬರೋ ಪಶು ಚಿಕಿತ್ಸಾ ವಾಹನವೂ ರೈತರ ದನಕರುಗಳನ್ನ ಮನಸ್ಸಲ್ಲಿಟ್ಟು ಮಾಡಿದ್ದೇ. ಹಾಗಾಗಿ 55ನೇ ದಿನವೇ ಇಷ್ಟು ಕೇಳಿಟ್ಕೊಳ್ಳಿ: ಆಪರೇಷನ್ ಯಾರು ಮಾಡ್ತಾರೆ, ರಾತ್ರಿ ಫೋನ್ ಎತ್ತುತ್ತಾರಾ, ಯಾರ ಆಟೋ ಬರುತ್ತೆ. ಅದೇ ಹೊತ್ತಿಗೆ ಒಂದು ಎಕ್ಸ್‌ರೇ ತೆಗೆಸಿದ್ರೆ ಎಷ್ಟು ಮರಿ ಅಂತಲೂ ಗೊತ್ತಾಗುತ್ತೆ.

ನಿಮ್ಮೂರಲ್ಲಿ ರಾತ್ರಿ ಹೊತ್ತು ನಾಯಿಗೆ ಆಪರೇಷನ್ ಮಾಡೋರು ಇದಾರಾ? ಇದ್ರೆ ಊರ ಹೆಸರು ಬರೀರಿ, ಯಾರಿಗಾದ್ರೂ ಬೇಕಾಗುತ್ತೆ.