ಅನ್ಯಾಯಕ್ಕೆ ವಾಯಿದೆಯುಂಟೆ?

ತಂದೆಯ ಆಸ್ತಿಯನ್ನು ಪಡೆದ ಮಗನು ಆತನ ಸಾಲವನ್ನು ಮಾತ್ರ ಒಲ್ಲೆನೆಂದರೆ ಊರಿನ ಹಿರಿಯರು ಒಪ್ಪುವುದಿಲ್ಲ. ವ್ಯಕ್ತಿಗೆ ಸಲ್ಲುವ ಈ ಧರ್ಮವು ಸಮಾಜಕ್ಕೂ ಸರಕಾರಕ್ಕೂ ಸಲ್ಲತಕ್ಕದ್ದೆಂಬುದೇ ನಮ್ಮ ಅಭಿಪ್ರಾಯ.

ತಲೆತಲಾಂತರದಿಂದ ಪರರ ಹೊಲದಲ್ಲಿ ದುಡಿದೂ ತಮ್ಮದೆಂಬ ನೆಲವಿಲ್ಲದೆ ಉಳಿದ ದಲಿತ ಜನರಿಗೆ ಸರಕಾರವು ಭೂಮಿಯನ್ನು ಮಂಜೂರು ಮಾಡಿ, ಪರಭಾರೆ ಮಾಡಕೂಡದೆಂಬ ಷರತ್ತನ್ನೂ ವಿಧಿಸಿತ್ತು. ಆದರೂ ಬಡತನದ ಒತ್ತಡದಲ್ಲಿ ಅಂತಹ ಎಷ್ಟೋ ಭೂಮಿ ಅನ್ಯರ ಪಾಲಾಯಿತು. ಷರತ್ತು ಮೀರಿದ ಕ್ರಯವು ಅಸಿಂಧುವೆಂದೂ, ಭೂಮಿಯು ಮಂಜೂರಿದಾರನಿಗೆ ಅಥವಾ ಆತನ ವಾರಸುದಾರರಿಗೆ ಮರಳಬೇಕೆಂದೂ 1978ನೆಯ ಇಸವಿಯ ಪರಭಾರೆ ನಿಷೇಧ ಕಾಯಿದೆಯು ವಿಧಿಸಿತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಅರ್ಜಿಯು ಸಮಂಜಸವಾದ ಕಾಲದೊಳಗೆ ಬರಬೇಕೆಂದು 2017ರಲ್ಲಿ ಅದೇ ನ್ಯಾಯಾಲಯವು ಹೇಳಿತು. ಕಾಲಮಿತಿಯೇ ಇಲ್ಲವೆಂದು 2023ರಲ್ಲಿ ನಮ್ಮ ವಿಧಾನಮಂಡಲವು ಕಾಯಿದೆಯನ್ನು ತಿದ್ದಿತು. ವ್ಯಾಜ್ಯವು ಅಷ್ಟಕ್ಕೇ ಮುಗಿಯಲಿಲ್ಲ.

ವಿಳಂಬವೇ ಅಪರಾಧವೆನ್ನುವವರು ಆಂಧ್ರದ ಗಡಿಯಂಚಿನ ರಾಯಲ್ಪಾಡು ಹೋಬಳಿಯನ್ನು ಒಮ್ಮೆ ನೆನೆಯಲಿ. ಅಲ್ಲಿ ಅನೇಕರ ಮನೆಮಾತು ತೆಲುಗು. ದಫ್ತರದ ಭಾಷೆ ಕನ್ನಡ. ಅರ್ಜಿಯನ್ನು ವಿಚಾರಿಸತಕ್ಕ ಉಪವಿಭಾಗಾಧಿಕಾರಿಗಳ ಕಚೇರಿ ದೂರದ ಕೋಲಾರದಲ್ಲಿ. ಅಕ್ಷರವರಿಯದ ಕೂಲಿಕಾರನಿಗೆ ಸಾಗುವಳಿ ಚೀಟಿಯ ಷರತ್ತನ್ನು ಓದಿ ಹೇಳಿದವರಾರು? ಜಮೀನ್ದಾರನ ಮನೆಯ ಕೂಲಿಯಿಂದಲೇ ಒಲೆ ಹೊತ್ತಬೇಕಾದವನು ಆತನ ಮೇಲೆಯೇ ದೂರು ಕೊಡುವುದೆಂತು? ಬಾಯಿ ಕಟ್ಟಿದವರೇ ‘ಇಷ್ಟು ದಿನ ಏಕೆ ಮಾತಾಡಲಿಲ್ಲ?’ ಎಂದು ಕೇಳುವುದು ನ್ಯಾಯವಲ್ಲ.

ಇನ್ನೊಂದು ಪಕ್ಷವೂ ಉಂಟು. ಕ್ರಯದ ಮೇಲೆ ಕ್ರಯವಾದ ಬಳಿಕ, ಹಿಂದಿನದನ್ನರಿಯದೆ ಎರಡೆಕರೆ ಕೊಂಡು ಸಾಲಮಾಡಿ ಮಾವಿನ ಸಸಿ ನೆಟ್ಟ ಸಣ್ಣ ರೈತನನ್ನು ಬರಿಗೈಯಲ್ಲಿ ಹೊರಡಿಸುವುದು ಸರಿಯೆ? ಷರತ್ತು ವಿಧಿಸಿದ್ದೂ ಸರಕಾರ. ಅದನ್ನು ಮೀರಿದ ಕ್ರಯಪತ್ರಗಳನ್ನು ಶುಲ್ಕ ಪಡೆದು ನೋಂದಾಯಿಸಿದ್ದೂ ಸರಕಾರದ ಕಚೇರಿಯೇ. ಆದುದರಿಂದ ನೆಲವು ಮೂಲದವನಿಗೆ ಮರಳಲಿ. ನಿಜವಾಗಿ ಅರಿಯದೆ ಕೊಂಡವನ ನಷ್ಟವನ್ನು ಬೊಕ್ಕಸವು ತುಂಬಲಿ. ಅರಿತೇ ಕಬಳಿಸಿದವನಿಗೆ ಈ ದಯೆ ಸಲ್ಲದು. ಅಮೆರಿಕದ ಸರಕಾರವು 1942ರಿಂದ ಜಪಾನೀ ಮೂಲದ ತನ್ನ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದ ತಪ್ಪಿಗೆ 1988ರ ಕಾಯಿದೆಯ ಮೂಲಕ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರು ಕೊಟ್ಟಿತು. ಆ ಹಣವು ನೆರೆಯವನ ಮನೆಯಿಂದ ಬರಲಿಲ್ಲ, ರಾಷ್ಟ್ರದ ಬೊಕ್ಕಸದಿಂದ ಬಂದಿತು.

ಉಪಾಧ್ಯಾಯರಲ್ಲಿ ನಮ್ಮದೊಂದು ಬಿನ್ನಹ: ನಿಮ್ಮ ಊರಿನ ಕೇರಿಯಲ್ಲಿ ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಸಾಗುವಳಿ ಚೀಟಿಗಳನ್ನು ಓದಿ, ಆ ಜನರ ಮಾತಿನಲ್ಲಿ ಅದರ ಅರ್ಥವನ್ನು ತಿಳಿಸಿರಿ. ದಾನವನ್ನು ಬೇಡಬೇಕಾಗುತ್ತದೆ, ಋಣವನ್ನು ಕೇಳಿ ಪಡೆಯಬಹುದು. ಇದು ಋಣ.