ಕೆಲಸದ ಮೇಜಿಗೆ ಎಂಥ ಹೆಡ್‌ಫೋನ್?

ಓದುವಾಗ, ಲೆಕ್ಕ ಬಿಡಿಸುವಾಗ, ಕಚೇರಿಯ ಮೇಜಿನ ಮುಂದೆ ಕುಳಿತು ಬರೆಯುವಾಗ ಸಂಗೀತವನ್ನು ಕೇಳುವ ಅಭ್ಯಾಸ ಈಗ ಸರ್ವಸಾಮಾನ್ಯವಾಗಿದೆ. ಇದು ಒಳ್ಳೆಯದೋ ಕೆಟ್ಟದೋ ಎಂಬ ವಾದಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಕೇಳುವವರು ಕೇಳಿಯೇ ಕೇಳುತ್ತಾರೆ. ಆದರೆ ಅದಕ್ಕಾಗಿ ಕೊಳ್ಳುವ ಉಪಕರಣವನ್ನು ನಮ್ಮ ತರುಣರು ಆರಿಸುವ ಕ್ರಮವನ್ನು ಕಂಡಾಗ ಎರಡು ಮಾತು ಹೇಳದೆ ಇರಲಾಗದು. ಅಂಗಡಿಗೆ ಹೋದವರು ಮೊದಲು ಕೇಳುವುದು, “ಇದು ಎಷ್ಟು ಜೋರಾಗಿ ಹಾಡುತ್ತದೆ?” ಎಂದು. ಕೇಳಬೇಕಾದ ಪ್ರಶ್ನೆ ಇದಕ್ಕೆ ತೀರ ವಿರುದ್ಧವಾದುದೆಂದು ನಮ್ಮ ಅಭಿಪ್ರಾಯ: “ಇದರಲ್ಲಿ ಎಷ್ಟು ಮೆಲ್ಲಗೆ ಕೇಳಬಹುದು?”

ಹೆಡ್‌ಫೋನುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಶಬ್ದವನ್ನು ಹುಟ್ಟಿಸುವ ತೆಳುವಾದ ಪೊರೆಯ ಹಿಂಭಾಗ ಜಾಲರಿಯಂತೆ ತೆರೆದಿದ್ದರೆ ಅದು ತೆರೆದ ಹೆಡ್‌ಫೋನ್. ಗಟ್ಟಿಯಾದ ಬಟ್ಟಲಿನಿಂದ ಮುಚ್ಚಿದ್ದರೆ ಅದು ಮುಚ್ಚಿದ ಹೆಡ್‌ಫೋನ್. ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 1968ರಲ್ಲಿ ತೆರೆದ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಸಂಗೀತ ಹೆಚ್ಚು ಸಹಜವಾಗಿ, ವಿಶಾಲವಾಗಿ ಕೇಳಿಸುವುದು ನಿಜ. ಆದರೆ ಒಳಗಿನ ಹಾಡು ಹೊರಗೂ, ಹೊರಗಿನ ಗದ್ದಲ ಒಳಗೂ ಅಡ್ಡಿಯಿಲ್ಲದೆ ಹರಿಯುತ್ತವೆ. ನಿಶ್ಶಬ್ದವಾದ ಮನೆಯಲ್ಲಿ ಇದು ಗುಣ. ಹತ್ತು ಜನ ಕುಳಿತ ಕೋಣೆಯಲ್ಲಿ ಇದೇ ದೋಷ.

ಗದ್ದಲ ಒಳಗೆ ಬಂದರೆ ಆಗುವುದೇನು? ನಾವು ಸಂಗೀತವನ್ನು ಗದ್ದಲಕ್ಕಿಂತ ಮೇಲಕ್ಕೆ ಏರಿಸುತ್ತೇವೆ. ನಮಗೆ ಅರಿವಿಲ್ಲದೆಯೇ ಕೈ ಗುಂಡಿಯ ಕಡೆಗೆ ಹೋಗುತ್ತದೆ. ಒಂದು ಲೆಕ್ಕವನ್ನು ನೋಡೋಣ. ವಾಹನಗಳು ಎಡೆಬಿಡದೆ ಓಡಾಡುವ ಬೀದಿಯ ಪಕ್ಕದ ಕೊಠಡಿಯಲ್ಲಿ ಗದ್ದಲ 76 ಡೆಸಿಬೆಲ್ ಇದೆಯೆಂದೂ, ಕೇಳುವವನು ಸಂಗೀತವನ್ನು ಅದಕ್ಕಿಂತ 10 ಡೆಸಿಬೆಲ್ ಮೇಲಿರಿಸುತ್ತಾನೆಂದೂ ಇಟ್ಟುಕೊಳ್ಳಿ. ತೆರೆದ ಹೆಡ್‌ಫೋನಿನಲ್ಲಿ ಅವನ ಕಿವಿಗೆ ಬೀಳುವುದು 86 ಡೆಸಿಬೆಲ್. ಗದ್ದಲವನ್ನು 12 ಡೆಸಿಬೆಲ್‌ನಷ್ಟು ತಡೆಯುವ ಮುಚ್ಚಿದ ಹೆಡ್‌ಫೋನಿನಲ್ಲಾದರೆ 74 ಡೆಸಿಬೆಲ್ ಸಾಕು. ಈ ಅಂತರ ಅಲ್ಪವೆಂದು ತೋರಬಹುದು. ಆದರೆ ಡೆಸಿಬೆಲ್ ಅಳತೆಯಲ್ಲಿ 12ರ ವ್ಯತ್ಯಾಸವೆಂದರೆ ಕಿವಿಗೆ ಬೀಳುವ ಶಕ್ತಿ ಸುಮಾರು ಹದಿನಾರನೆಯ ಒಂದು ಭಾಗಕ್ಕೆ ಇಳಿದಂತೆ.

ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಜಂಟಿಯಾಗಿ ಪ್ರಕಟಿಸಿದ ಮಾನಕದ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್‌ವರೆಗೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಮಕ್ಕಳಿಗೆ 40 ಗಂಟೆಗಳ ಮಿತಿ 75 ಡೆಸಿಬೆಲ್ ಮಾತ್ರ. ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಆರು ದಿನ ಕೇಳುವ ನಮ್ಮ ತೆರೆದ ಹೆಡ್‌ಫೋನಿನ ಗೆಳೆಯ ಆಗಲೇ ಮಿತಿಯನ್ನು ದಾಟಿದ್ದಾನೆ. ಮುಚ್ಚಿದ ಹೆಡ್‌ಫೋನಿನವನು ಅದರ ಒಳಗೇ ಇದ್ದಾನೆ. ಮಿತಿ ಮೀರಿದುದರ ದಂಡವನ್ನು ತೆರುವುದು ಒಳಗಿವಿಯ ರೋಮಕೋಶಗಳು. ಒಂದೊಂದು ಕಿವಿಯಲ್ಲಿ ಇವು ಸುಮಾರು 15 ಸಾವಿರ ಮಾತ್ರ. ಹಕ್ಕಿಗಳಲ್ಲಿ ನಾಶವಾದ ರೋಮಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯನಲ್ಲಿ ಹುಟ್ಟುವುದಿಲ್ಲ. ಇಪ್ಪತ್ತರಲ್ಲಿ ಕಳೆದುಕೊಂಡುದು ಅರವತ್ತರವರೆಗೂ ಕಳೆದುಹೋದದ್ದೇ.

ಮುಚ್ಚಿದ ಬಟ್ಟಲು ಎಲ್ಲ ಶಬ್ದಗಳನ್ನೂ ಸಮನಾಗಿ ತಡೆಯುವುದೆಂದು ಭಾವಿಸಬಾರದು. ಕ್ಷಣಕ್ಕೆ ಸಾವಿರಾರು ಸಲ ಬದಲಾಗುವ ತಾರಸ್ವರದ ಒತ್ತಡವನ್ನು ಬಟ್ಟಲಿನ ಜಡತ್ವ ಎದುರಿಸಿ ನಿಲ್ಲುತ್ತದೆ. ನಿಧಾನವಾಗಿ ಬದಲಾಗುವ ಮಂದ್ರಸ್ವರಕ್ಕೆ ಬಟ್ಟಲು ಮಣಿಯುತ್ತದೆ. ಮೆತ್ತೆಯ ಸಂದುಗಳಲ್ಲಿ ಅದು ನುಸುಳಿಯೂ ಬರುತ್ತದೆ. ಆದುದರಿಂದಲೇ ಬಸ್ಸಿನ ಗುಡುಗು ಒಳಗೆ ಬಂದರೂ ಪಾತ್ರೆಯ ಸದ್ದು ಕುಗ್ಗುತ್ತದೆ. ಈ ಕೊರತೆಯನ್ನು ತುಂಬಲು ಬಂದುದು ಶಬ್ದವನ್ನು ಶಬ್ದದಿಂದಲೇ ಅಳಿಸುವ ಯುಕ್ತಿ. ಏರಿದ ಅಲೆಗೆ ಇಳಿದ ಅಲೆಯನ್ನು ಕೂಡಿಸಿ ಎರಡನ್ನೂ ಶಮನಗೊಳಿಸುವ ಈ ಕಲ್ಪನೆಗೆ ಜರ್ಮನಿಯ ಪೌಲ್ ಲ್ಯೂಗ್ 1936ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಯಂತ್ರಗಳ ಮಂದ್ರವಾದ ಮೊರೆತ ಇರುವಲ್ಲಿ ಈ ಏರ್ಪಾಡು ಹಣಕ್ಕೆ ತಕ್ಕದ್ದು. ಪಕ್ಕದ ಮೇಜಿನ ಮಾತು ಮಾತ್ರವೇ ತೊಂದರೆಯಾಗಿದ್ದರೆ ಒಳ್ಳೆಯ ಮೆತ್ತೆಯೇ ಹೆಚ್ಚಿನ ಕೆಲಸವನ್ನು ಮಾಡುತ್ತದೆ.

ಇನ್ನು ಗಾತ್ರದ ಪ್ರಶ್ನೆ. ಚೀಲದಲ್ಲಿ ಹಿಡಿಸಬೇಕೆಂದು ಎಲ್ಲರೂ ಚಿಕ್ಕದನ್ನೇ ಬಯಸುತ್ತಾರೆ. ಚಿಕ್ಕದಾಗಿಸಲು ದಾರಿಗಳು ಎರಡು: ಬಟ್ಟಲನ್ನೇ ಕಿರಿದಾಗಿಸಿ ಕಿವಿಯ ಮೇಲೆ ಒತ್ತಿ ಕೂರಿಸುವುದು, ಇಲ್ಲವೆ ಕಿವಿಯನ್ನು ಸುತ್ತುವರಿಯುವ ಬಟ್ಟಲನ್ನು ಮಡಿಸುವಂತೆ ಮಾಡುವುದು. ವೃತ್ತಿಪರರು ಬಹುಕಾಲದಿಂದ ಬಳಸುತ್ತಿರುವ ಎರಡು ಮಾದರಿಗಳು ಈ ಭೇದವನ್ನು ತೋರಿಸುತ್ತವೆ. 1988ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 25 ಮೊದಲನೆಯ ಬಗೆಯದು. ತಂತಿಯನ್ನು ಬಿಟ್ಟರೆ ತೂಕ 140 ಗ್ರಾಂ. ಅದು ಗದ್ದಲವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕಿವಿಯನ್ನು ಬಿಗಿಯಾಗಿ ಅದುಮಿಯೇ ಆ ಕೆಲಸವನ್ನು ಸಾಧಿಸುತ್ತದೆ. 1991ರಲ್ಲಿ ಬಂದ ಸೋನಿ ಎಂಡಿಆರ್ 7506 ಎರಡನೆಯ ಬಗೆಯದು. ತೂಕ ಸುಮಾರು 230 ಗ್ರಾಂ, ಮಡಿಸಿದರೆ ಚೀಲಕ್ಕೆ ಸೇರುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಮೊದಲನೆಯದೂ ಆದೀತು. ದಿನವೆಲ್ಲ ಕುಳಿತು ಕೆಲಸ ಮಾಡುವವರಿಗೆ ಮಡಿಸುವ ಬಗೆಯೇ ಲೇಸು. ಇವನ್ನೇ ಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಆ ರೀತಿಯನ್ನು ನೋಡಿ ಆರಿಸಿರಿ ಎಂದಷ್ಟೇ ನಮ್ಮ ಮಾತು.

ಕೊಳ್ಳುವಾಗ ವಾಚಕರು ಮಾಡಬಹುದಾದ ಸುಲಭವಾದ ಒಂದು ಪರೀಕ್ಷೆಯುಂಟು. ತಂಬೂರಿಯ ಶ್ರುತಿಯನ್ನೋ ಮೃದಂಗದ ಎಡಭಾಗದ ನುಡಿತವನ್ನೋ ಹಾಕಿಕೊಂಡು ಎರಡು ಬಟ್ಟಲುಗಳನ್ನೂ ಅಂಗೈಯಿಂದ ಮೆಲ್ಲನೆ ಒತ್ತಿ ನೋಡಿ. ಒತ್ತಿದೊಡನೆ ಮಂದ್ರಸ್ವರ ಎದ್ದುಬಂದರೆ ಮೆತ್ತೆ ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲವೆಂದೇ ಅರ್ಥ. ಕನ್ನಡಕ ಧರಿಸುವವರು ಕನ್ನಡಕದೊಡನೆಯೇ ಈ ಪರೀಕ್ಷೆ ನಡೆಸಬೇಕು. ಅದರ ಕಡ್ಡಿ ಮೆತ್ತೆಯನ್ನು ಎತ್ತಿ ಸಂದು ಮಾಡುತ್ತದೆ. ಸೋರಿಹೋಗುವ ಮಂದ್ರವನ್ನು ಮರಳಿ ಪಡೆಯಲೆಂದು ಜನ ಇಡೀ ಸಂಗೀತವನ್ನೇ ಜೋರು ಮಾಡುವುದುಂಟು. ಮೆತ್ತೆ ಹಳತಾಗಿ ಬಿರುಕು ಬಿಟ್ಟಾಗಲೂ ಇದೇ ಗತಿ. ಆದುದರಿಂದ ಬದಲಿ ಮೆತ್ತೆ ದೊರೆಯುವ ಮಾದರಿಯನ್ನೇ ಕೊಳ್ಳುವುದು ಜಾಣತನ.

ಮುಚ್ಚಿದ ಹೆಡ್‌ಫೋನಿನಲ್ಲಿ ಕಿವಿ ಬೆವರುತ್ತದೆ, ಸ್ವರ ಪೆಟ್ಟಿಗೆಯೊಳಗಿನಿಂದ ಬಂದಂತೆ ಕೇಳಿಸುತ್ತದೆ ಎಂಬ ಆಕ್ಷೇಪಣೆಗಳುಂಟು. ಎರಡೂ ಸುಳ್ಳಲ್ಲ. ಗಂಟೆಗೊಮ್ಮೆ ತೆಗೆದಿಟ್ಟರೆ ಕಿವಿಗೂ ಗಾಳಿಯಾಡುತ್ತದೆ, ಅದಕ್ಕೆ ವಿಶ್ರಾಂತಿಯೂ ದೊರೆಯುತ್ತದೆ. ಸ್ವರದ ಸೊಬಗನ್ನೇ ಅರಸುವ ರಸಿಕರು ರಾತ್ರಿಯ ಏಕಾಂತಕ್ಕೆ ತೆರೆದುದನ್ನು ಇರಿಸಿಕೊಳ್ಳಲಿ. ಆದರೆ ಬೀದಿಯಲ್ಲಿ ನಡೆಯುವಾಗ, ಯಂತ್ರದ ಬಳಿ ನಿಂತಿರುವಾಗ ಮುಚ್ಚಿದ ಹೆಡ್‌ಫೋನ್ ಕೂಡದು. ಗದ್ದಲದೊಡನೆ ಎಚ್ಚರಿಕೆಯ ಕೂಗನ್ನೂ ಅದು ತಡೆಯುತ್ತದೆ.

ಅಮೆರಿಕದ ನೆಥಾನಿಯಲ್ ಬಾಲ್ಡ್‌ವಿನ್ 1910ರ ಸುಮಾರಿಗೆ ಅಡುಗೆಮನೆಯಲ್ಲಿ ಕುಳಿತು ಹೆಡ್‌ಫೋನನ್ನು ನಿರ್ಮಿಸಿ ಆ ದೇಶದ ನೌಕಾಪಡೆಗೆ ಕಳುಹಿಸಿದಾಗ, ಅದರಿಂದ ಆಗಬೇಕಾಗಿದ್ದ ಕೆಲಸ ದೂರದ ಕ್ಷೀಣ ಸಂಕೇತಗಳನ್ನು ಹಿಡಿದುಕೊಡುವುದು. ಮೆಲ್ಲನೆಯದನ್ನು ಸ್ಪಷ್ಟವಾಗಿ ಕೇಳಿಸುವುದಕ್ಕಾಗಿ ಬಂದ ಸಾಧನವನ್ನು ಕಿವಿ ಕಿವುಡಾಗುವಂತೆ ಬಳಸುವುದು ವಿವೇಕವಲ್ಲ. ಹೊಸ ಹೆಡ್‌ಫೋನನ್ನು ಧರಿಸಿದ ಮೊದಲ ದಿನವೇ ನಿಮ್ಮ ಕೈ ಶಬ್ದವನ್ನು ಇಳಿಸುವ ಗುಂಡಿಯ ಕಡೆಗೆ ಹೋಯಿತೆಂದರೆ, ನೀವು ಸರಿಯಾದುದನ್ನೇ ಆರಿಸಿದ್ದೀರಿ.